ಕಲ್ಲಿನ ರಥ, ಕಂಪ್ಯೂಟರಿನ ರಥ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರ ಮಾಡುವುದನ್ನು ಎಲ್ಲಿ ಕಲಿತೆ ಎಂದು ಕೇಳುತ್ತಾರೆ. ಅರ್ಧ ಕಲಿತದ್ದು ಇದೇ ಶಾಲೆಯಲ್ಲಿ. ಆಗ ಇಲ್ಲಿ ಒಂದೂ ಕಂಪ್ಯೂಟರ್ ಇರಲಿಲ್ಲ. ಡ್ರಾಯಿಂಗ್ ಸರ್ ಮೇಜಿನ ಮೇಲೆ ಮಣ್ಣಿನ ಗಡಿಗೆ ಇಟ್ಟು, ಒಂದು ಕಿಟಕಿ ಮುಚ್ಚಿಸಿ, "ಬೆಳಕು ಯಾವ ಕಡೆಯಿಂದ ಬರ್ತಾ ಇದೆ ನೋಡು, ಆಮೇಲೆ ಪೆನ್ಸಿಲ್ ಹಿಡಿ" ಎನ್ನುತ್ತಿದ್ದರು.

ಪಿಯುಸಿ ಮುಗಿದ ಮೇಲೆ ಕಂಪ್ಲಿಯಿಂದ ಹೊಸಪೇಟೆಗೆ ಬಸ್ಸಿನಲ್ಲಿ ಓಡಾಡಿ ಒಂದು ಖಾಸಗಿ ತರಗತಿಗೆ ಸೇರಿದೆ. ಅಪ್ಪ ಭತ್ತ ಮಾರಿದ ದುಡ್ಡಿನಲ್ಲಿ ಫೀಸು ಕಟ್ಟಿದ್ದರು. ಅಲ್ಲಿ ಹೇಳಿಕೊಟ್ಟದ್ದು ಯಾವ ಬಟನ್ ಎಲ್ಲಿದೆ ಎಂಬುದಷ್ಟೆ. ತಂತ್ರಾಂಶವೂ ಕದ್ದ ಪ್ರತಿ. ಮೂರು ತಿಂಗಳಿಗೆ ಬಿಟ್ಟೆ. ಅಪ್ಪನಿಗೆ ಹೇಳಲು ಧೈರ್ಯ ಸಾಲದೆ ಒಂದು ತಿಂಗಳು ದಿನಾ ಬಸ್ಸು ಹತ್ತಿ ಹಂಪಿಗೆ ಹೋಗಿ ಕೂತು ಬರುತ್ತಿದ್ದೆ. ಅಪ್ಪನಿಗೆ ಅದು ಮೊದಲೇ ಗೊತ್ತಿತ್ತಂತೆ, ಇರಲಿ.

ಆಮೇಲೆ ಗೆಳೆಯನೊಬ್ಬ ಪೆನ್‌ಡ್ರೈವಿನಲ್ಲಿ ಬ್ಲೆಂಡರ್ ತಂದುಕೊಟ್ಟ. ಇದು ಕದ್ದದ್ದಲ್ಲ. ಹಾಲೆಂಡಿನ ಟಾನ್ ರೂಸೆಂಡಾಲ್ ಎಂಬುವವರ ಕಂಪನಿ ಮುಚ್ಚಿದಾಗ, ಇದನ್ನು ಬಿಡಿಸಿಕೊಳ್ಳಲು ಬಳಕೆದಾರರು ಚಂದಾ ಎತ್ತಿ ಏಳು ವಾರದಲ್ಲಿ 1 ಲಕ್ಷ ಯೂರೋ ಕೂಡಿಸಿದರು. 2002ರ ಅಕ್ಟೋಬರಿನಿಂದ ಅದು ಎಲ್ಲರದು. ನಮ್ಮೂರಲ್ಲಿ ಗುಡಿ ಕಟ್ಟಲು ಪಟ್ಟಿ ಎತ್ತುವುದಿಲ್ಲವೆ, ಹಾಗೆ. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ 'ಫ್ಲೋ' ಚಿತ್ರ ಇದರಲ್ಲೇ ಆದದ್ದು.

ಬ್ಲೆಂಡರ್ ತೆರೆದರೆ ಒಂದು ಘನ, ಒಂದು ದೀಪ, ಒಂದು ಕ್ಯಾಮೆರಾ ಕಾಣುತ್ತವೆ. ಆ ಘನವನ್ನು ಹಿಗ್ಗಿಸಿ ಕುಗ್ಗಿಸಿ ವಿಠ್ಠಲ ಗುಡಿಯ ಕಲ್ಲಿನ ರಥ ಮಾಡಲು ಹೊರಟೆ. ಗಾಲಿಗೆ ಒಂದು ಎಸಳು ಮಾಡಿ ಸುತ್ತ ನಕಲು ತಿರುಗಿಸಿದರೆ ಆಯಿತು. ಆದರೆ ಮುಂಭಾಗಕ್ಕೆ ಬಂದಾಗ ಕೈ ನಿಂತಿತು. ಐವತ್ತು ರೂಪಾಯಿ ನೋಟು ನೋಡಿದರೆ ಸಾಲದು. ಮತ್ತೆ ಹಂಪಿಗೆ ಹೋಗಿ ಬಗ್ಗಿ ನೋಡಿದರೆ, ಆನೆಗಳ ಹಿಂದೆ ಕುದುರೆಗಳ ಹಿಂಗಾಲು, ಬಾಲ! ಮೊದಲು ಅಲ್ಲಿದ್ದದ್ದು ಕುದುರೆ. ಚಿಕ್ಕಂದಿನಿಂದ ಎಷ್ಟು ಸಲ ಆ ರಥದ ಮುಂದೆ ಫೋಟೋ ತೆಗೆಸಿಕೊಂಡಿದ್ದೆನೋ, ನೋಡಿಯೇ ಇರಲಿಲ್ಲ. 1856ರಲ್ಲಿ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೂ ಇದೆ, ಈಗ ಇಲ್ಲ. ಅದನ್ನೂ ಕಟ್ಟಿದೆ. ಫೋಟೋದಲ್ಲಿ ಕಾಣದ ಹಿಂಬದಿಗೆ ಮಾತ್ರ ಬರೀ ಬೂದು ಬಣ್ಣ ಬಿಟ್ಟೆ. ಗೊತ್ತಿಲ್ಲದ್ದನ್ನು ಚೆಂದ ಮಾಡಿ ತೋರಿಸಿದರೆ ನೋಡಿದವರು ನಿಜವೆಂದೇ ನಂಬುತ್ತಾರೆ.

ಕ್ಯಾಮೆರಾ ಅರ್ಥವಾಗಬೇಕೆ? ವಿರೂಪಾಕ್ಷ ಗುಡಿಯ ಹಿಂದಿನ ಕತ್ತಲೆ ಕೋಣೆಗೆ ಹೋಗಿ. ಸಣ್ಣ ಕಿಂಡಿಯಿಂದ ಬಂದ ಬೆಳಕು ಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಬರೆದಿರುತ್ತದೆ. ಸೊಂಡೂರಿನ ಲಂಬಾಣಿ ಅಕ್ಕಂದಿರ ಕಸೂತಿಯ ಕನ್ನಡಿ ಚೂರುಗಳೂ ನನಗೆ ಪಾಠ ಹೇಳಿವೆ. ಅವನ್ನು ಕಂಪ್ಯೂಟರಿನಲ್ಲಿ ಹೊಳೆಯಿಸಲು ಎರಡು ವಾರ ಒದ್ದಾಡಿದ್ದೇನೆ.

ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ಈಗ ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ಇದೆ, ಬೀಗವೂ ಇದೆ. ಶನಿವಾರ ಮಧ್ಯಾಹ್ನ ಅದನ್ನು ತೆಗೆಸಿಕೊಡಿ, ನಾನು ಬರುತ್ತೇನೆ. ಯಂತ್ರಗಳು ಹಳೆಯವಾದರೆ ಚಿಂತೆಯಿಲ್ಲ, ಬ್ಲೆಂಡರಿನ ಹಳೆಯ ಆವೃತ್ತಿಗಳೂ ಪುಕ್ಕಟೆ ಸಿಗುತ್ತವೆ. ನಡುವೆ ಚಕ್ರವಿರುವ ಮೌಸ್ ಬೇಕು, ಅಷ್ಟೆ. ಗಡಿಗೆ ನಾನೇ ತರುತ್ತೇನೆ.