ಪಠ್ಯ ಓದಿಸುವುದನ್ನು ಅಧ್ಯಾಪಕರು ಕಲಿಯುವ ಬಗೆ

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಭಾಷೆಗಳ ಆರಂಭದ ತರಗತಿಗಳನ್ನು ಹೆಚ್ಚಾಗಿ ನಡೆಸುವವರು ಸಂಶೋಧನಾ ವಿದ್ಯಾರ್ಥಿಗಳು ಮತ್ತು ಗುತ್ತಿಗೆ ಅಧ್ಯಾಪಕರು. ಕಾದಂಬರಿ, ಕಾವ್ಯಗಳ ಪಾಠ ಪ್ರಾಧ್ಯಾಪಕರ ಪಾಲಿಗೆ. ಕೆಳಗಿನ ಅಂತಸ್ತಿನಲ್ಲಿ ಸಂಭಾಷಣೆ, ಮೇಲಿನದರಲ್ಲಿ ಸಾಹಿತ್ಯ, ನಡುವೆ ಮೆಟ್ಟಿಲಿಲ್ಲ. ಈ ಎರಡಂತಸ್ತಿನ ಏರ್ಪಾಡೇ ಹೋಗಬೇಕೆಂದು ಅಲ್ಲಿನ ಭಾಷಾಸಾಹಿತ್ಯ ಅಧ್ಯಾಪಕರ ಸಂಘವಾದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ 2007ರ ವರದಿಯಲ್ಲಿ ಹೇಳಿತು.

ಮೆಟ್ಟಿಲು ಕಟ್ಟುವ ಒಂದು ದಾರಿ ಅದಕ್ಕೂ ಮೊದಲೇ ಕಂಡಿತ್ತು. ‘ನ್ಯೂ ಲಂಡನ್ ಗ್ರೂಪ್’ ಎಂಬ ಹತ್ತು ವಿದ್ವಾಂಸರ ಬಳಗ 1996ರಲ್ಲಿ ಬಹುಸಾಕ್ಷರತೆಯ ಬೋಧನಕ್ರಮವನ್ನು ಮುಂದಿಟ್ಟಿತು. ಭಾಷಾ ಬೋಧನೆಯ ವಿದ್ವಾಂಸ ರಿಚರ್ಡ್ ಕರ್ನ್ 2000ದ ತಮ್ಮ ಪುಸ್ತಕದಲ್ಲಿ ಸಾಕ್ಷರತೆಯ ವಿಚಾರವನ್ನು ಕಾಲೇಜಿನ ಭಾಷಾ ತರಗತಿಗೆ ಹೊಂದಿಸಿದರು. ಇಲ್ಲಿ ಸಾಕ್ಷರತೆಯೆಂದರೆ ಅಕ್ಷರಾಭ್ಯಾಸವಲ್ಲ. ಬರಹವೋ ಮಾತೋ ಚಿತ್ರವೋ, ಅದು ಯಾರಿಗಾಗಿ, ಯಾವ ರೂಪದಲ್ಲಿ, ಯಾಕಾಗಿ ಹುಟ್ಟಿತೆಂದು ಅರಿತು ಅರ್ಥ ಕಟ್ಟುವ ಶಕ್ತಿ.

ಉದಾಹರಣೆಗೆ, ಫ್ರೆಂಚ್ ತರಗತಿಯಲ್ಲಿ ಪ್ಯಾರಿಸ್ಸಿನ ಬಾಡಿಗೆ ಮನೆಯ ಜಾಹೀರಾತೊಂದನ್ನು ತೆಗೆದುಕೊಳ್ಳಬಹುದು. ‘ಎರಡು ಕೋಣೆ’ ಎಂದಿದ್ದರೆ ಅಲ್ಲಿ ಒಂದು ಹಜಾರ, ಒಂದು ಮಲಗುವ ಕೋಣೆ. ಅಡುಗೆಮನೆ, ಬಚ್ಚಲು ಲೆಕ್ಕಕ್ಕಿಲ್ಲ. ಬೆಂಗಳೂರಿನ ‘ಟೂ ಬಿಎಚ್‌ಕೆ’ ಎಣಿಕೆಯವರು ಅಲ್ಲಿ ಖಂಡಿತ ಮೋಸಹೋಗುತ್ತಾರೆ. ವಿದ್ಯಾರ್ಥಿಗಳು ಮೊದಲು ತಮಗೆ ಬೇಕಾದ ಮನೆ ಹುಡುಕುತ್ತಾರೆ. ಆಮೇಲೆ ಅಧ್ಯಾಪಕರು ಮೊಟಕು ಪದಗಳನ್ನೂ ಕ್ರಿಯಾಪದವಿಲ್ಲದ ವಾಕ್ಯಗಳನ್ನೂ ಬಿಡಿಸಿ ತೋರಿಸುತ್ತಾರೆ. ಯಾವ ದೋಷವನ್ನು ಯಾವ ಸವಿಮಾತು ಮುಚ್ಚಿದೆ ಎಂಬ ಚರ್ಚೆ ಅದರ ಮುಂದಿನದು. ಕೊನೆಗೆ ತಮ್ಮದೇ ಕೋಣೆಗೆ ಜಾಹೀರಾತು ಬರೆಯುತ್ತಾರೆ. ವ್ಯಾಕರಣ ಎಲ್ಲೂ ತಪ್ಪಿಹೋಗಿಲ್ಲ, ಕೆಲಸಕ್ಕೆ ಬೇಕಾದ ಕಡೆ ಬಂದಿದೆ.

ಹೇಳಲು ಸುಲಭವಾದ ಈ ಪಾಠ ನಡೆಸಲು ಕಷ್ಟ. ಹೊಸ ಅಧ್ಯಾಪಕರು ತಾವು ಕಲಿತಂತೆಯೇ ಕಲಿಸುತ್ತಾರೆ. ಪಠ್ಯ ಕೈಗೆ ಬಂದೊಡನೆ ಅರ್ಥ ಕೇಳಿ, ಪ್ರಶ್ನೋತ್ತರ ಮುಗಿಸುತ್ತಾರೆ. ಬಹಳ ಕಡೆ ಅವರಿಗೆ ಸಿಗುವುದು ಆರಂಭದ ಒಂದು ಬೋಧನಾ ವಿಧಾನದ ಕೋರ್ಸು, ಕೆಲವು ದಿನಗಳ ಕಾರ್ಯಾಗಾರ. ಅಷ್ಟರಿಂದ ಪರಿಭಾಷೆ ಬಾಯಿಗೆ ಬರುತ್ತದೆ, ಪಾಠ ಬದಲಾಗುವುದಿಲ್ಲ. ಪಾಠಯೋಜನೆ ಬರೆದು, ಸಹೋದ್ಯೋಗಿಯ ಎದುರು ನಡೆಸಿ, ಎಡವಿದ್ದನ್ನು ತಿದ್ದಿ ಮತ್ತೆ ನಡೆಸಬೇಕು. ಅದಕ್ಕೆ ವರ್ಷಗಳೇ ಬೇಕು.

ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಜರ್ಮನ್ ವಿಭಾಗ 1997ರಿಂದ 2000ದವರೆಗೆ ತನ್ನ ಪಠ್ಯಕ್ರಮವನ್ನೇ ಈ ಸಾಕ್ಷರತೆಯ ವಿಚಾರದ ಮೇಲೆ ಮರುಕಟ್ಟಿತು. ಅಲ್ಲಿ ಪ್ರಾಧ್ಯಾಪಕರೂ ಸಂಶೋಧನಾ ವಿದ್ಯಾರ್ಥಿಗಳೂ ಒಟ್ಟಿಗೆ ಕುಳಿತು ಪಠ್ಯ ಆರಿಸಿದರು, ಬರವಣಿಗೆಯ ಕೆಲಸಗಳನ್ನು ರೂಪಿಸಿದರು. ಎಲ್ಲ ವಿಭಾಗಗಳಿಗೂ ಅಷ್ಟು ಬಲವಿಲ್ಲ. ವ್ಯಾಕರಣದ ಕ್ರಮದಲ್ಲಿ ಅಚ್ಚಾದ ಪಠ್ಯಪುಸ್ತಕವನ್ನೇ ಇಟ್ಟುಕೊಂಡ ಕಡೆ, ಅಧ್ಯಾಯದ ಕೊನೆಗೆ ತಳ್ಳಿದ ಓದನ್ನು ಮೊದಲಿಗೆ ತರುವುದರಿಂದ ಕೆಲಸ ಆರಂಭಿಸಬಹುದು.