ಗಾಜಿನ ತೊಟ್ಟಿಯೊಳಗಿನ ಕಡಲು



ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಂಘಟಕರು ಕೇಳಿದ್ದರು. ಮಡಿಕಲ್, ಕೊಡೇರಿ ಕಡೆಯ ಮಕ್ಕಳು ಓದುವ ಶಾಲೆಯಲ್ಲಿ ಮೀನಿನ ಮಾತಾಡಿದರೆ ಯಾರಿಗೂ ಬೇಸರವಾಗದು ಎಂಬ ಧೈರ್ಯದಿಂದ ವಿಷಯ ಬದಲಿಸಿದ್ದೇನೆ. ಬೆಂಗಳೂರಿನ ನನ್ನ ಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿ ಎರಡು ಕ್ಲೌನ್ ಮೀನು, ಒಂದು ಸೀ ಅನಿಮೋನ್. ಊರಿಗೆ ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: “ಹ್ವಾಯ್, ಆ ಮೀನ್ ತಿಂಬುಕಾತ್ತಾ?” ಬೆಳೆದರೂ ಬೆರಳುದ್ದದ ಮೀನು. ನೋಡುವುದಕ್ಕಷ್ಟೇ.

ಅನಿಮೋನನ್ನು ಕಡಲ ಹೂವು ಎನ್ನೋಣ. ಹೆಸರು ಹೂವಾದರೂ ಅದು ಪ್ರಾಣಿ. ಬಲೆಗೆ ಬಂದು ಕೈ ಉರಿಸುವ ಜೆಲ್ಲಿ ಮೀನಿನ, ಹವಳದ ಸಂಬಂಧಿ. ಅದರ ಎಸಳುಗಳ ತುಂಬ ಚುಚ್ಚುವ ವಿಷಕೋಶಗಳಿವೆ. ಬೇರೆ ಸಣ್ಣ ಮೀನು ತಾಗಿದರೆ ಅದಕ್ಕೆ ಆಹಾರ. ಕ್ಲೌನ್ ಮೀನು ಮಾತ್ರ ಅಲ್ಲೇ ಮಲಗುತ್ತದೆ. ಅದರ ಮೈಯ ಲೋಳೆ ಆ ಕೋಶಗಳನ್ನು ಕೆರಳಿಸುವುದಿಲ್ಲ. ಹೂವಿನ ಎಸಳನ್ನು ಕಡಿಯಲು ಬರುವ ಮೀನುಗಳನ್ನು ಇದು ಅಟ್ಟುತ್ತದೆ. ರಾತ್ರಿ ಎಸಳುಗಳ ನಡುವೆ ಅಲುಗಾಡಿ ನೀರು ಹರಿಯುವಂತೆ ಮಾಡಿ ಹೂವಿಗೆ ಆಮ್ಲಜನಕ ಒದಗಿಸುತ್ತದೆ. ಇದರ ಮಲಮೂತ್ರವೇ ಹೂವಿನೊಳಗೆ ಬದುಕುವ ಸೂಕ್ಷ್ಮ ಪಾಚಿಗೆ ಗೊಬ್ಬರ. ಆ ಪಾಚಿ ಬಿಸಿಲಿನಿಂದ ತಯಾರಿಸಿದ ಆಹಾರದಲ್ಲಿ ಹೂವಿಗೂ ಪಾಲು.

ಇವುಗಳ ಸಂಸಾರವೂ ವಿಚಿತ್ರ. ಹುಟ್ಟುವ ಮರಿಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಮಾತ್ರ ಹೆಣ್ಣು, ಯಜಮಾನಿಕೆ ಅವಳದೇ. ಅವಳು ಸತ್ತರೆ ಜೋಡಿಯ ಗಂಡು ಹೆಣ್ಣಾಗಿ ಬದಲಾಗುತ್ತದೆ. ಮೊಟ್ಟೆಗೆ ರೆಕ್ಕೆಯಿಂದ ಗಾಳಿ ಹಾಕಿ ಕಾಯುವ ಕೆಲಸ ಹೆಚ್ಚಾಗಿ ಅಪ್ಪನದು.

ಈ ಮೀನು ಸಾಕಲು ಮೊದಲು ಸಾಕಬೇಕಾದದ್ದು ನೀರನ್ನು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, 25ರಿಂದ 27 ಡಿಗ್ರಿ ಉಷ್ಣತೆ. ಮೀನಿನ ಕೊಳೆಯಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಅನಂತರ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ವಾರಗಳೇ ಬೇಕು. ಕಡಲ ಹೂವಿಗೆ ತೊಟ್ಟಿ ಹದವಾಗಲು ಇನ್ನೂ ಹಲವು ತಿಂಗಳು ಕಾಯಬೇಕು. ನಮ್ಮ ವೃತ್ತಿಯಲ್ಲಿ ಎಲ್ಲವೂ ಬೇಗ ಆಗಬೇಕು. ಈ ತೊಟ್ಟಿಯ ಮುಂದೆ ಆ ಅವಸರ ನಡೆಯುವುದಿಲ್ಲ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. “ಮುರ್ಡೇಶ್ವರದಾಚೆಯ ನೇತ್ರಾಣಿಯಿಂದ ಹವಳ ತಂದು ಮಾರಿದರೆ ಒಳ್ಳೆಯ ಹಣವಂತೆ, ಹೌದಾ?” ಎಂದು ಊರಿನ ಕೆಲವು ಹುಡುಗರು ನನ್ನನ್ನು ಕೇಳಿದ್ದಾರೆ. ದಯವಿಟ್ಟು ಬೇಡ. ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಯನ್ನು ಕಾಯುವ ಕಾನೂನೇ ಅವನ್ನೂ ಕಾಯುತ್ತದೆ. ಕಾನೂನು ಹಾಗಿರಲಿ, ಹವಳ ಹೋದರೆ ಅದರ ಸಂದಿಯಲ್ಲಿ ಬೆಳೆಯುವ ಮರಿಮೀನೂ ಹೋಗುತ್ತದೆ. ಆ ನಷ್ಟ ನಮ್ಮ ದೋಣಿಗಳದೇ.

ಬೇರೆ ದಾರಿ ಇದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ವಿಳಿಂಜಂ, ಮಂಡಪಂ ಕೇಂದ್ರಗಳಲ್ಲಿ ಕ್ಲೌನ್ ಮೀನಿನ ಮರಿ ಮಾಡಿಸಿ ತೋರಿಸಿದ್ದಾರೆ. ನನ್ನ ಜೋಡಿಯೂ ತೊಟ್ಟಿಯಲ್ಲೇ ಹುಟ್ಟಿದ್ದು. ಕಡಲ ಹೂವು, ಗೆಳೆಯನ ತೊಟ್ಟಿಯಲ್ಲಿ ತಾನಾಗಿ ಎರಡಾಗಿ ಸೀಳಿದ ಹೂವಿನ ಒಂದು ಪಾಲು. ಈ ವಿದ್ಯೆಯಲ್ಲಿ ಆಸಕ್ತಿ ಇರುವ ಮಕ್ಕಳಿಗೆ 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲೇ ಇದೆ. ವಿಜ್ಞಾನ ಓದಿದವರೆಲ್ಲ ನನ್ನ ಹಾಗೆ ಇಂಜಿನಿಯರಿಂಗ್‌ಗೇ ಹೋಗಬೇಕೆಂದಿಲ್ಲ.

ನನ್ನ ತೊಟ್ಟಿ ಬಿಸಿಯಾದರೆ ತಂಪು ಮಾಡುವ ಯಂತ್ರವಿದೆ. ಕಡಲಿಗೆ ಅದಿಲ್ಲ. ನೀರು ಕಾದಾಗ ಹವಳವೂ ಕಡಲ ಹೂವೂ ಒಳಗಿನ ಪಾಚಿಯನ್ನು ಕಳೆದುಕೊಂಡು ಬಿಳಚಿಕೊಳ್ಳುತ್ತವೆ. ಲಕ್ಷದ್ವೀಪದ ಹವಳಗಳಿಗೆ 1998, 2010, 2016ರಲ್ಲಿ ಹೀಗಾಯಿತು. ನಮ್ಮ ಕಡಲಿನಲ್ಲಿ ಏನು ಬದಲಾಗುತ್ತಿದೆ ಎಂದು ಮೊದಲು ತಿಳಿಯುವುದು ಬಲೆ ಎಳೆಯುವವರಿಗೆ. ಅದನ್ನು ಬರೆದಿಡುವವರು ಕಡಿಮೆ.

ಆದ್ದರಿಂದ ನನ್ನದೊಂದು ಕೋರಿಕೆ. ಶಾಲೆಯ ಪ್ರಯೋಗಾಲಯದಲ್ಲಿ ಒಂದು ದಪ್ಪ ಪುಸ್ತಕ ಇರಲಿ. ಈ ವಾರ ಬಲೆಗೆ ಏನು ಬಂತು, ಅಜ್ಜ ಅದನ್ನು ಏನೆಂದು ಕರೆದರು, ಯಾವ ಮೀನು ಬರುವುದು ನಿಂತಿತು ಎಂದು ಮಕ್ಕಳು ಬರೆಯಲಿ. ಪುಸ್ತಕ, ಉಷ್ಣಮಾಪಕ, ಸೂಕ್ಷ್ಮದರ್ಶಕ ನನ್ನ ಲೆಕ್ಕದಲ್ಲಿ. ಶತಮಾನೋತ್ಸವದ ದಿನ ಆ ಪುಸ್ತಕವನ್ನು ತೆರೆದು ಓದುವವರು ಇಂದಿನ ಎಂಟನೇ ತರಗತಿಯ ಮಕ್ಕಳೇ ಆಗಿರುತ್ತಾರೆ.