ಇಂಗ್ಲಿಷ್ ಕಲಿಕೆಗೆ ಚಿತ್ರಕಥೆಯ ಮೆಟ್ಟಿಲು

(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)





'ಮಗು ಹತ್ತು ವರ್ಷ ಇಂಗ್ಲಿಷ್ ಕಲಿತಿದೆ, ಹತ್ತು ವಾಕ್ಯ ಮಾತಾಡಲು ಬರುವುದಿಲ್ಲ' ಎಂಬ ಅಳಲು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿದೆ. ಮನೆಯ ಮಾತು ಉರ್ದು ಅಥವಾ ಬ್ಯಾರಿ, ಬೀದಿಯ ಮಾತು ಕನ್ನಡ. ಉದ್ಯೋಗದ ಸಂದರ್ಶನ ಮಾತ್ರ ಇಂಗ್ಲಿಷ್‌ನಲ್ಲಿ. ಈ ಅಂತರವನ್ನು ತುಂಬಲು ನಾವು ಟ್ಯೂಷನ್‌ಗೆ ಹಣ ಸುರಿಯುತ್ತೇವೆ. ಅದೇ ಮಗು ಇಂಗ್ಲಿಷ್ ಚಿತ್ರಕಥೆಯನ್ನು ಕೈಗೆತ್ತಿಕೊಂಡರೆ, ಕಾಲಹರಣವೆಂದು ಕಿತ್ತುಕೊಳ್ಳುತ್ತೇವೆ.

ಚಿತ್ರದ ಬಗ್ಗೆ ಧಾರ್ಮಿಕ ಅಳುಕು ಇರುವುದೂ ಸಹಜ. ಜೀವಿಗಳ ಚಿತ್ರದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಹಝ್ರತ್ ಆಯಿಶಾ(ರ) ಗೊಂಬೆಗಳೊಂದಿಗೆ ಆಡುತ್ತಿದ್ದುದನ್ನು ಪ್ರವಾದಿವರ್ಯರು(ಸ) ತಡೆಯಲಿಲ್ಲವೆಂಬುದು ಬುಖಾರಿಯ ವರದಿಯಲ್ಲಿದೆ. ಮಕ್ಕಳ ಆಟ ಮತ್ತು ಕಲಿಕೆಗೆ ರಿಯಾಯಿತಿ ನೀಡಿದ ವಿದ್ವಾಂಸರು ಇದನ್ನೇ ಆಧಾರವಾಗಿಸಿದ್ದಾರೆ.

ನಮ್ಮ ದೇಶದ ಅನೇಕ ಮದ್ರಸಗಳಲ್ಲಿ ಅರಬಿ ಭಾಷೆಯ ಪ್ರೌಢಿಮೆಗಾಗಿ ಹರೀರಿಯವರ 'ಮಖಾಮಾತ್' ಕಲಿಸಲಾಗುತ್ತದೆ. ಅದೇ ಕೃತಿಗೆ ಯಹ್ಯಾ ಅಲ್‌ವಾಸಿತಿ ಎಂಬ ಕಲಾವಿದ ವರ್ಣಚಿತ್ರಗಳನ್ನು ಬರೆದ 1237ರ ಹಸ್ತಪ್ರತಿ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಯುರೋಪಿನಲ್ಲಿ ಕೊಮೆನಿಯಸ್ ಎಂಬ ಶಿಕ್ಷಣತಜ್ಞ ಚಿತ್ರಗಳ ಮೂಲಕ ಲ್ಯಾಟಿನ್ ಕಲಿಸುವ ಪುಸ್ತಕ ಹೊರತಂದದ್ದು 1658ರಲ್ಲಿ. ಚಿತ್ರ ಮತ್ತು ಭಾಷೆಯ ಗೆಳೆತನ ಹೊಸದೇನಲ್ಲ.

ಇದರ ಮರ್ಮವೇನು? ಅರ್ಥವಾದದ್ದು ಮಾತ್ರ ಭಾಷೆಯಾಗಿ ಮನಸ್ಸಿನಲ್ಲಿ ಉಳಿಯುತ್ತದೆ. ಪಾಠದಲ್ಲಿ ಅಪರಿಚಿತ ಪದ ಬಂದರೆ ಮಗು ನಿಘಂಟಿನ ಮುಂದೆ ಸೋಲುತ್ತದೆ. ಚಿತ್ರಕಥೆಯಲ್ಲಿ ಪಾತ್ರದ ಮುಖಭಾವವೇ ಅರ್ಥ ಹೇಳುತ್ತದೆ. ಅಲ್ಲಿರುವುದು ಆಡುಮಾತು, ಚಿಕ್ಕ ವಾಕ್ಯ. ಮೊದಲೇ ತಿಳಿದ ಕಥೆಯಾದರೆ ಇನ್ನೂ ಸುಲಭ. ಪಂಚತಂತ್ರದ ಕಥೆಗಳು ಎಂಟನೇ ಶತಮಾನದಲ್ಲಿ ಇಬ್ನುಲ್ ಮುಖಫ್ಫಾರಿಂದ 'ಕಲೀಲ ವ ದಿಮ್ನ'ವಾಗಿ ಅರಬಿಯಲ್ಲಿ ಬೆಳಗಿದವು. ಅವೇ ಇಂದು ಅಮರ ಚಿತ್ರಕಥೆಯ ಇಂಗ್ಲಿಷ್ ಪುಸ್ತಕಗಳಲ್ಲಿವೆ. ಕನ್ನಡದಲ್ಲಿ ಕಥೆ ಬಲ್ಲ ಮಗುವಿಗೆ ಅಲ್ಲಿ ಹೊಸದು ಭಾಷೆಯೊಂದೇ.

ವಿಧಾನವೂ ಸರಳ. ಒಂದು ಪುಟದ ಮಾತುಗಳನ್ನು ಕಾಗದದಿಂದ ಮುಚ್ಚಿ, 'ಇವನು ಏನು ಹೇಳುತ್ತಿರಬಹುದು?' ಎಂದು ಕೇಳಿರಿ. ಉತ್ತರ ಮನೆಮಾತಿನಲ್ಲೇ ಬರಲಿ. ಬಳಿಕ ಕಾಗದ ಸರಿಸಿ ಇಬ್ಬರೂ ಗಟ್ಟಿಯಾಗಿ ಓದಿರಿ. ದೊಡ್ಡ ಮಕ್ಕಳು ಪಾತ್ರಗಳ ನೇರ ಮಾತನ್ನು 'ಅವನು ಹೀಗೆಂದನು' ಎಂಬ ರೂಪಕ್ಕೆ ತಿರುಗಿಸಿ ಬರೆಯಲಿ. ವ್ಯಾಕರಣದ ತರಗತಿಯಲ್ಲಿ ಅವರನ್ನು ಕಾಡುವ ಅಭ್ಯಾಸ ಇಲ್ಲಿ ಆಟವಾಗುತ್ತದೆ. ಇಂಗ್ಲಿಷ್ ಅರಿಯದ ತಾಯಿಯೂ ಇದರಲ್ಲಿ ಪಾಲ್ಗೊಳ್ಳಬಹುದು; ಕಥೆ ಊಹಿಸಲು ಇಂಗ್ಲಿಷ್ ಬೇಕಾಗಿಲ್ಲವಲ್ಲ!

ಚಿತ್ರಕಥೆ ಮಕ್ಕಳಿಗಷ್ಟೇ ಎಂಬುದೂ ತಪ್ಪು ಕಲ್ಪನೆ. ಪತ್ರಕರ್ತ ಜೋ ಸಾಕೊ 1990ರ ದಶಕದ ಆರಂಭದಲ್ಲಿ ಪಶ್ಚಿಮ ದಂಡೆ ಮತ್ತು ಗಾಝಾದಲ್ಲಿ ಸುತ್ತಾಡಿ, ಕಂಡದ್ದನ್ನು 'ಪ್ಯಾಲೆಸ್ಟೈನ್' ಎಂಬ ಚಿತ್ರಕಥನವಾಗಿಸಿದರು. ಅದಕ್ಕೆ ಮುನ್ನುಡಿ ಬರೆದವರು ಎಡ್ವರ್ಡ್ ಸೈದ್. ಬಾಲ್ಯದಲ್ಲಿ ಮನೆ, ಶಾಲೆಗಳ ಅಸಮ್ಮತಿಯ ನಡುವೆಯೂ ಚಿತ್ರಕಥೆಗಳಿಗೆ ಮರುಳಾದುದನ್ನು ಆ ಮಹಾನ್ ವಿದ್ವಾಂಸರು ಅದರಲ್ಲಿ ನೆನೆದಿದ್ದಾರೆ. ಕಾಲೇಜಿನ ನಮ್ಮ ಯುವಕ ಯುವತಿಯರು ಇಂತಹ ಕೃತಿಗಳನ್ನು ಓದಿದರೆ ಇಂಗ್ಲಿಷ್ ಜೊತೆಗೆ ಜಗತ್ತಿನ ಅರಿವೂ ದೊರೆಯುತ್ತದೆ.

ಎಚ್ಚರವೂ ಅಗತ್ಯ. ಹರ್ಜೆಯ ಟಿನ್‌ಟಿನ್ ಕಥೆಗಳಲ್ಲಿ ಆಫ್ರಿಕನ್ನರನ್ನೂ ಅರಬರನ್ನೂ ಕೀಳಾಗಿ ಬಿಂಬಿಸಿದ ಪುಟಗಳಿವೆ. ಅವನ್ನು ಬಚ್ಚಿಡುವ ಬದಲು, 'ಇವರನ್ನು ಹೀಗೇಕೆ ಬರೆದಿದ್ದಾರೆ?' ಎಂದು ಮಗುವಿನೊಂದಿಗೆ ಚರ್ಚಿಸಿರಿ. ಹಿಂಸೆ, ಅಶ್ಲೀಲತೆಯ ಪುಸ್ತಕಗಳನ್ನು ದೂರವಿಡಿರಿ. ಚಿತ್ರಕಥೆಗಳ ಮಾತು ಹೆಚ್ಚಾಗಿ ದೊಡ್ಡಕ್ಷರಗಳಲ್ಲಿರುತ್ತದೆ, ವಾಕ್ಯಗಳು ಅಪೂರ್ಣವಾಗಿರುತ್ತವೆ. ಆದ್ದರಿಂದ ಇದು ಮೆಟ್ಟಿಲು ಮಾತ್ರ. ಅಲ್ಲಿಂದ ಕಥೆ ಪುಸ್ತಕಕ್ಕೆ, ಪತ್ರಿಕೆಗೆ ಏರಬೇಕು.

ನಮ್ಮ ಮೊಹಲ್ಲಾಗಳಲ್ಲಿ ಊಟದ ಸಮಾರಂಭಗಳಿಗೆ ಕೊರತೆಯಿಲ್ಲ. ಅಂತಹ ಒಂದು ಸಮಾರಂಭದ ವೆಚ್ಚದಲ್ಲಿ ಚಿಕ್ಕದೊಂದು ಮಕ್ಕಳ ಗ್ರಂಥಾಲಯ ತೆರೆಯಬಹುದು. ಟ್ಯೂಷನ್‌ಗೆ ಹಣ ಹೊಂದಿಸಲಾಗದ ಮನೆಯ ಹೆಣ್ಣುಮಗುವೂ ಅಲ್ಲಿಂದ ಪುಸ್ತಕವೊಂದನ್ನು ಮನೆಗೆ ಒಯ್ಯುವಂತಾಗಲಿ. ಅಲ್ಲಾಹನು ಅನುಗ್ರಹಿಸಲಿ.